ತಪ್ಪಿದ ಪೆನಾಲ್ಟಿಯ ಮರುದಿನ

(ಜುಲೈ 2025ರ ಪದವಿ ಪ್ರದಾನ ಸಮಾರಂಭದಲ್ಲಿ ನಮ್ಮ ಶಾಲೆಯ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ಸಲ ನಾನು ಫುಟ್‌ಬಾಲ್ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಮಿತಿಯವರು ಒಂದು ಕ್ಷಣ ನನ್ನ ಮುಖ ನೋಡಿದರು. ಅವರ ಆಶ್ಚರ್ಯ ಸಹಜವೇ. ನಮ್ಮ ಶಾಲೆಗೆ ಯಾರಾದರೂ ಎದುರಾಳಿ ಇದ್ದರೆ ಅದು ಫುಟ್‌ಬಾಲ್ ತಾನೇ? ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ತರಗತಿ, ಅದೇ ಹತ್ತಕ್ಕೆ ಮಕ್ಕಳ ಲೀಗ್ ಪಂದ್ಯ. ಮಣ್ಣು ಮೆತ್ತಿದ ಬೂಟು ಹಾಕಿಕೊಂಡು, ಅರ್ಧ ಗಂಟೆ ತಡವಾಗಿ ಬಂದು, ಒತ್ತಕ್ಷರ ಬರೆಯುವ ಹೊತ್ತಿಗೆ ತೂಕಡಿಸುವ ಹುಡುಗ ಹುಡುಗಿಯರನ್ನು ನಾನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದೇನೆ, ಬೈದದ್ದೂ ಇದೆ. ಆದರೆ ಇವತ್ತು ನಾನು ಹೇಳಬೇಕಾದ ಮಾತನ್ನು ನನಗೆ ಕಲಿಸಿದವನು ಒಬ್ಬ ಫುಟ್‌ಬಾಲ್ ಆಟಗಾರ. ಹೆಸರು ಬುಕಾಯೊ ಸಾಕಾ. ಮಕ್ಕಳಿಗೆ ಅವನ ಪರಿಚಯ ಮಾಡಿಕೊಡಬೇಕಾಗಿಲ್ಲ. ಇದು ದೊಡ್ಡವರಿಗಾಗಿ.

ಸಾಕಾ ಹುಟ್ಟಿದ್ದು 2001ರ ಸೆಪ್ಟೆಂಬರ್ 5ರಂದು, ಇದೇ ಪಶ್ಚಿಮ ಲಂಡನ್ನಿನ ಈಲಿಂಗ್‌ನಲ್ಲಿ. ತಂದೆ ತಾಯಿ ನೈಜೀರಿಯಾದಿಂದ ಬಂದವರು, ಯೊರುಬಾ ಭಾಷೆಯವರು. ಬುಕಾಯೊ ಎಂಬುದು ಯೊರುಬಾ ಹೆಸರು. ‘ಸಂತೋಷವನ್ನು ಹೆಚ್ಚಿಸುವವನು’ ಎಂಬಂಥ ಅರ್ಥ. ನಮ್ಮಲ್ಲಿ ಆನಂದ, ನಂದನ, ಹರ್ಷ ಅಂತ ಹೆಸರಿಡುತ್ತೇವಲ್ಲ, ಹಾಗೆಯೇ. ಅವನು ಓದಿದ ಗ್ರೀನ್‌ಫರ್ಡ್ ಹೈಸ್ಕೂಲ್ ಇರುವುದು ಸೌತಾಲ್‌ನಲ್ಲಿ. ಬೇಳೆ, ಹುಣಸೆಹಣ್ಣು, ಕರಿಬೇವು ತರಲು ನಾವು ಹೋಗುತ್ತೇವಲ್ಲ, ಅದೇ ಸೌತಾಲ್. ಮನೆಯಲ್ಲಿ ಹೆತ್ತವರ ನಾಡು, ಹೊರಗೆ ಇಂಗ್ಲೆಂಡ್. ಹೆಸರನ್ನು ಸರಿಯಾಗಿ ಹೇಳಲು ಮಾಸ್ತರರಿಗೆ ಕಲಿಸಬೇಕಾದ ಮಕ್ಕಳು ನಮ್ಮಲ್ಲೂ ಇದ್ದಾರೆ. ಅವನ ಬಾಲ್ಯ ನಮಗೆ ತೀರ ದೂರದ್ದಲ್ಲ.

ಏಳೆಂಟು ವರ್ಷದವನಿದ್ದಾಗಲೇ ಆರ್ಸೆನಲ್ ಕ್ಲಬ್ಬಿನ ಹೇಲ್ ಎಂಡ್ ಅಕಾಡೆಮಿ ಸೇರಿದ. ಅದು ಇರುವುದು ವಾಲ್ತಮ್‌ಸ್ಟೋ ಕಡೆ, ಅಂದರೆ ಊರಿನ ಈ ತುದಿಯಿಂದ ಆ ತುದಿ. ಸಂಜೆಯ ಹೊತ್ತಿನಲ್ಲಿ ನಾರ್ತ್ ಸರ್ಕ್ಯುಲರ್ ರಸ್ತೆಯ ಟ್ರಾಫಿಕ್ ಹೇಗಿರುತ್ತದೆಂದು ನಿಮಗೇ ಗೊತ್ತು. ಶಾಲೆ ಮುಗಿಸಿ ವಾರದಲ್ಲಿ ಹಲವು ಸಂಜೆ ಅಷ್ಟು ದೂರದ ಅಭ್ಯಾಸ, ವಾರಾಂತ್ಯದಲ್ಲಿ ಪಂದ್ಯ. ಹೀಗೆ ಒಂದಲ್ಲ ಎರಡಲ್ಲ, ಸುಮಾರು ಹತ್ತು ವರ್ಷ.

ಈ ಅಕಾಡೆಮಿ ವ್ಯವಸ್ಥೆ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ, ಆದ್ದರಿಂದ ಎರಡು ಮಾತು ಹೇಳುತ್ತೇನೆ. ಇಲ್ಲಿನ ವೃತ್ತಿಪರ ಕ್ಲಬ್ಬುಗಳು ಒಂಬತ್ತು ವರ್ಷದೊಳಗಿನ ತಂಡದಿಂದಲೇ ಮಕ್ಕಳನ್ನು ನೋಂದಾಯಿಸಿಕೊಳ್ಳುತ್ತವೆ. ಮುಂದೆ ಪ್ರತಿ ಹಂತದಲ್ಲೂ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂಬ ತೀರ್ಮಾನ ಆಗುತ್ತದೆ. ಹದಿನಾರಕ್ಕೆ ಕೆಲವರಿಗೆ ಎರಡು ವರ್ಷದ ಸ್ಕಾಲರ್‌ಶಿಪ್. ಆಮೇಲೆ ಇನ್ನೂ ಕೆಲವೇ ಜನರಿಗೆ ವೃತ್ತಿಪರ ಒಪ್ಪಂದ. ಒಂಬತ್ತನೇ ವಯಸ್ಸಿನಲ್ಲಿ ಒಟ್ಟಿಗೆ ಆಡಿದ ಹುಡುಗರಲ್ಲಿ ಮುಖ್ಯ ತಂಡದವರೆಗೆ ಹೋಗುವವರು ಬೆರಳೆಣಿಕೆಯಷ್ಟು ಮಂದಿ. ಉಳಿದವರು ಎಲ್ಲಿ ಹೋಗುತ್ತಾರೆ ಎಂಬುದನ್ನು ಯಾರೂ ಟಿವಿಯಲ್ಲಿ ತೋರಿಸುವುದಿಲ್ಲ.

ಸಾಕಾನ ವಿಷಯದಲ್ಲಿ ನಾನು ಮೆಚ್ಚುವ ಮೊದಲ ಸಂಗತಿ ಇದು: ಚೆಂಡಿನ ಹಿಂದೆ ಓಡುತ್ತಲೇ ಅವನು ಪುಸ್ತಕ ಬಿಡಲಿಲ್ಲ. ಜಿಸಿಎಸ್‌ಇಯಲ್ಲಿ ಉತ್ತಮ ದರ್ಜೆಗಳನ್ನೇ ಪಡೆದ. ಅಪ್ಪ ಅಮ್ಮಂದಿರು ಈಗ ಮಕ್ಕಳ ಕಡೆ ತಿರುಗಿ ‘ಕೇಳಿದೆಯಾ?’ ಎನ್ನುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ! ಸ್ವಲ್ಪ ತಾಳಿ. ನಾನು ಹೇಳಬೇಕಾದದ್ದು ಅದಲ್ಲ.

2018ರ ನವೆಂಬರ್ 29ರಂದು, ಹದಿನೇಳನೇ ವಯಸ್ಸಿನಲ್ಲಿ, ಯುರೋಪಾ ಲೀಗ್‌ನಲ್ಲಿ ಉಕ್ರೇನಿನ ವೋರ್‌ಸ್ಕ್ಲಾ ಪೊಲ್ಟಾವಾ ತಂಡದ ಎದುರು ಮೊದಲ ಸಲ ಮುಖ್ಯ ತಂಡಕ್ಕೆ ಆಡಿದ. 2019ರ ಹೊಸ ವರ್ಷದ ದಿನ ಫುಲ್‌ಹಮ್ ಎದುರು ಪ್ರೀಮಿಯರ್ ಲೀಗ್‌ಗೆ ಕಾಲಿಟ್ಟ. 2001ರಲ್ಲಿ ಹುಟ್ಟಿ ಆ ಲೀಗ್‌ನಲ್ಲಿ ಆಡಿದವರಲ್ಲಿ ಅವನೇ ಮೊದಲಿಗ. ಅದೇ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮೊದಲ ಗೋಲು. ಅವನು ಮುಂದೆ ನುಗ್ಗಿ ಆಡುವ ಹುಡುಗ. ಆದರೆ ಆ ವರ್ಷ ತಂಡದ ಎಡ ರಕ್ಷಣಾ ಆಟಗಾರರು ಗಾಯಗೊಂಡಿದ್ದರಿಂದ ಅವನನ್ನು ಹಿಂದಕ್ಕೆ ಕಳಿಸಿದರು. ‘ಇದು ನನ್ನ ಜಾಗ ಅಲ್ಲ’ ಎಂದು ಮುಖ ಊದಿಸಿಕೊಳ್ಳದೆ ಅಲ್ಲಿಯೂ ಆಡಿದ, ಚೆನ್ನಾಗಿಯೇ ಆಡಿದ. ನೈಜೀರಿಯಾ ಪರವಾಗಿ ಆಡುವ ಅರ್ಹತೆಯೂ ಅವನಿಗೆ ಇತ್ತು. ಇಂಗ್ಲೆಂಡನ್ನು ಆರಿಸಿಕೊಂಡು 2020ರ ಅಕ್ಟೋಬರ್‌ನಲ್ಲಿ ವೇಲ್ಸ್ ಎದುರು ಮೊದಲ ಪಂದ್ಯ ಆಡಿದ. ಎಲ್ಲವೂ ಏರುಮುಖ.

ಆಮೇಲೆ ಬಂದದ್ದು 2021ರ ಜುಲೈ 11ರ ಭಾನುವಾರ ರಾತ್ರಿ. ವೆಂಬ್ಲಿಯಲ್ಲಿ ಯೂರೋ ಫೈನಲ್, ಇಟಲಿಯ ಎದುರು. ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. 1-1 ಸಮ, ಪೆನಾಲ್ಟಿ ಶೂಟೌಟ್. ಇಂಗ್ಲೆಂಡಿನ ಪರವಾಗಿ ರಾಶ್‌ಫರ್ಡ್ ಒದ್ದದ್ದು ಕಂಬಕ್ಕೆ ಬಡಿಯಿತು, ಸಾಂಚೋನ ಹೊಡೆತವನ್ನು ಗೋಲ್‌ಕೀಪರ್ ತಡೆದ. ಐದನೆಯ ಹಾಗೂ ಕೊನೆಯ ಹೊಡೆತಕ್ಕೆ ನಡೆದು ಬಂದವನು ಹತ್ತೊಂಬತ್ತು ವರ್ಷದ ಸಾಕಾ. ಚೆಂಡಿನಿಂದ ಗೋಲಿಗೆ 12 ಗಜ ದೂರ. ಐವತ್ತೈದು ವರ್ಷಗಳಿಂದ ಕಾಯುತ್ತಿದ್ದ ದೇಶ ಅವನ ಕಾಲನ್ನೇ ನೋಡುತ್ತಿತ್ತು. ಡೊನ್ನರುಮ್ಮಾ ಎಡಕ್ಕೆ ಹಾರಿ ಚೆಂಡನ್ನು ತಡೆದ. ಮುಗಿಯಿತು.

ನಾನು ಇವತ್ತು ನಿಲ್ಲಿಸಿ ನೋಡಬೇಕೆಂದಿರುವುದು ಇಲ್ಲಿ. ಆ ಹೊಡೆತ ತಪ್ಪಿದ ಮೇಲೆ ಅವನ ಸುತ್ತಲಿದ್ದ ದೊಡ್ಡವರು ಏನು ಮಾಡಿದರು?

ಒಂದು ಗುಂಪು ಮಾಡಿದ್ದು ನಿಮಗೆ ಗೊತ್ತು. ಪೆನಾಲ್ಟಿ ತಪ್ಪಿಸಿದ ಮೂವರೂ ಕಪ್ಪು ವರ್ಣದ ಆಟಗಾರರು. ಅವರ ಫೋನುಗಳಿಗೆ ಆ ರಾತ್ರಿಯೇ ಬಂದ ಜನಾಂಗ ನಿಂದನೆಯ ಮಾತುಗಳನ್ನು ಈ ವೇದಿಕೆಯಲ್ಲಿ ಹೇಳಲಾರೆ. ಗೆಲ್ಲುವವರೆಗೆ ನಮ್ಮ ಹುಡುಗ, ಸೋತ ಕೂಡಲೇ ಪರದೇಶಿ. ಇಲ್ಲಿ ಕೂತಿರುವ ನಮಗೆಲ್ಲ ಆ ಚಳಿ ಸ್ವಲ್ಪವಾದರೂ ಗೊತ್ತು. ಕೆಲವು ದಿನಗಳ ನಂತರ ಸಾಕಾ ಒಂದು ಹೇಳಿಕೆ ಬರೆದ. ಒದ್ದ ಕೂಡಲೇ ತನಗೆ ಎಂಥ ದ್ವೇಷ ಬರಲಿದೆ ಎಂದು ಗೊತ್ತಿತ್ತು ಎಂದ. ತನಗೆ ಬಂದಂಥ ಮಾತು ಯಾವ ಮಗುವಿಗೂ ಯಾವ ದೊಡ್ಡವರಿಗೂ ಬರಬಾರದು ಎಂದ. ಹತ್ತೊಂಬತ್ತು ವರ್ಷದವನಿಗೆ ಅದು ಮೊದಲೇ ಗೊತ್ತಿತ್ತು ಎಂಬುದು ನನ್ನನ್ನು ಈಗಲೂ ಚುಚ್ಚುತ್ತದೆ.

ಇನ್ನೊಂದು ಗುಂಪು ಬೇರೆ ರೀತಿ ನಡೆದುಕೊಂಡಿತು. ಮೊದಲನೆಯವರು ಕೋಚ್ ಗ್ಯಾರೆತ್ ಸೌತ್‌ಗೇಟ್. ಅಳುತ್ತಿದ್ದ ಹುಡುಗನನ್ನು ಮೈದಾನದಲ್ಲೇ ತಬ್ಬಿ ನಿಂತರು. ಆ ಫೋಟೋ ನೀವು ನೋಡಿರುತ್ತೀರಿ. 1996ರಲ್ಲಿ ಅದೇ ವೆಂಬ್ಲಿಯಲ್ಲಿ ಜರ್ಮನಿಯ ಎದುರು ಸೆಮಿಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿಸಿದವರು ಇದೇ ಸೌತ್‌ಗೇಟ್. ಆದರೆ ತಬ್ಬಿಕೊಂಡದ್ದಕ್ಕಿಂತ ದೊಡ್ಡದು ಆಮೇಲೆ ಅವರು ಆಡಿದ ಮಾತು. ಯಾರು ಒದೆಯಬೇಕು ಎಂದು ತೀರ್ಮಾನಿಸಿದವನು ನಾನು, ಆದ್ದರಿಂದ ಹೊಣೆ ನನ್ನದು, ಹುಡುಗರದ್ದಲ್ಲ ಎಂದು ಎಲ್ಲರೆದುರು ಹೇಳಿದರು.

ಎರಡನೆಯವರು ಅಭಿಮಾನಿಗಳು. ಆಗಸ್ಟ್‌ನಲ್ಲಿ ಸಾಕಾ ಆರ್ಸೆನಲ್‌ನ ಅಭ್ಯಾಸ ಕೇಂದ್ರಕ್ಕೆ ಮರಳಿದಾಗ, ಜನ ಬರೆದ ಪತ್ರಗಳನ್ನು ಗೋಡೆ ತುಂಬ ಅಂಟಿಸಿ ಅವನನ್ನು ಅಲ್ಲಿ ತಂದು ನಿಲ್ಲಿಸಿದರು. ಅವುಗಳಲ್ಲಿ ಮಕ್ಕಳ ಕೈಬರಹದವೂ ಇದ್ದವು. ಮೂರನೆಯವರು ಎದುರಾಳಿಗಳು. ಅದೇ ತಿಂಗಳು ಟಾಟನ್‌ಹ್ಯಾಮ್ ಮೈದಾನದಲ್ಲಿ ಅವನು ಬದಲಿ ಆಟಗಾರನಾಗಿ ಇಳಿದಾಗ ಟಾಟನ್‌ಹ್ಯಾಮ್ ಬೆಂಬಲಿಗರೇ ಚಪ್ಪಾಳೆ ತಟ್ಟಿದರು. ಆರ್ಸೆನಲ್‌ಗೂ ಟಾಟನ್‌ಹ್ಯಾಮ್‌ಗೂ ಇರುವ ಹಗೆ ತಿಳಿದವರಿಗೆ ಅದರ ಬೆಲೆ ಗೊತ್ತು. ಅಳಿಯನೂ ಮಾವನೂ ಮಾತು ಬಿಡುವಂಥ ಹಗೆ ಅದು.

ಈಗ ನನ್ನ ತಪ್ಪಿನ ಕಥೆ ಹೇಳುತ್ತೇನೆ. ಸಂಬಂಧಪಟ್ಟ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

2019ರ ರಾಜ್ಯೋತ್ಸವ. ಎಂಟು ವರ್ಷದ ಒಬ್ಬ ಹುಡುಗನಿಗೆ ಒಂದು ವಚನ ಕಲಿಸಿ ವೇದಿಕೆ ಹತ್ತಿಸಿದ್ದೆ. ಅವನಿಗೆ ಇಷ್ಟವಿರಲಿಲ್ಲ. ‘ಆಂಟಿ, ನಾನು ಗುಂಪಿನಲ್ಲಿ ಹೇಳ್ತೀನಿ’ ಅಂದಿದ್ದ. ‘ಇಲ್ಲ ಕಂದ, ನಿನ್ನ ಉಚ್ಚಾರಣೆ ಚೆನ್ನಾಗಿದೆ, ನೀನೊಬ್ಬನೇ ಹೇಳು’ ಅಂದೆ. ನನ್ನ ತರಗತಿ ಚೆನ್ನಾಗಿ ಕಾಣಬೇಕೆಂಬ ಆಸೆ ಅದರಲ್ಲಿ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಎರಡನೇ ಸಾಲಿಗೆ ಮರೆತ. ನಾನು ಪರದೆಯ ಪಕ್ಕದಿಂದ ಹೇಳಿಕೊಟ್ಟೆ. ಗಾಬರಿಯಲ್ಲಿ ನನ್ನ ದನಿ ಜೋರಾಯಿತು, ಮೈಕಿಗೂ ಕೇಳಿಸಿತು. ಸಭೆ ನಕ್ಕಿತು. ಕೆಟ್ಟ ನಗು ಅಲ್ಲ, ಮುದ್ದಿನ ನಗು. ಆದರೆ ವೇದಿಕೆಯ ಮೇಲೆ ಒಬ್ಬನೇ ನಿಂತ ಮಗುವಿಗೆ ಎಲ್ಲ ನಗುವೂ ಒಂದೇ. ಅವನು ಇಳಿದು ಹೋದ. ಅವನ ಅಮ್ಮ ಬಂದು ‘ಏನಾಯಿತು ಮೇಡಂ?’ ಎಂದು ಕೇಳಿದಾಗ ನಾನು ಏನು ಹೇಳಿದೆ ಗೊತ್ತೇ? ‘ಮನೆಯಲ್ಲಿ ಅಭ್ಯಾಸ ಸಾಲದು’ ಅಂದೆ. ಅವನು ಪಕ್ಕದಲ್ಲೇ ನಿಂತಿದ್ದ.

ಸಂಕ್ರಾಂತಿಯ ಹೊತ್ತಿಗೆ ಅವನು ಬರುವುದನ್ನು ನಿಲ್ಲಿಸಿದ. ‘ಫುಟ್‌ಬಾಲ್ ಇದೆಯಂತೆ’ ಎಂದರು. ಆಮೇಲೆ ಕೋವಿಡ್ ಬಂತು, ತರಗತಿ ಜೂಮ್‌ಗೆ ಹೋಯಿತು, ಅವನ ಹೆಸರು ಪಟ್ಟಿಯಿಂದಲೇ ಬಿಟ್ಟುಹೋಯಿತು. ನಾನು ಫುಟ್‌ಬಾಲ್ ಮೇಲೆ ತಪ್ಪು ಹೊರಿಸಿ ಸುಮ್ಮನಾದೆ.

2021ರ ಆ ಫೈನಲ್ ಮುಗಿದ ಮಾರನೆಯ ದಿನ ಸೌತ್‌ಗೇಟ್ ಅವರ ಮಾತು ಸುದ್ದಿಯಲ್ಲಿ ಬಂತು. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡೆ. ಆರಿಸಿದವನು ನಾನು, ಹೊಣೆ ನನ್ನದು. ಸಾಸಿವೆ ಸೀದುಹೋಯಿತು. ದೇಶವೇ ನೋಡುತ್ತಿದ್ದಾಗ ಆ ಮನುಷ್ಯನಿಗೆ ಹೇಳಲು ಸಾಧ್ಯವಾದ ಮಾತು, ಇನ್ನೂರು ಜನರ ಸಭಾಂಗಣದಲ್ಲಿ ನನಗೆ ಹೇಳಲು ಆಗಿರಲಿಲ್ಲ. ಎಂಟು ವರ್ಷದ ಮಗುವಿನ ತಲೆಗೆ ಕಟ್ಟಿ ಬಂದಿದ್ದೆ.

ಆ ಸೆಪ್ಟೆಂಬರ್‌ನಲ್ಲಿ ಅವನ ಅಮ್ಮನಿಗೆ ಫೋನ್ ಮಾಡಿ, ಅವನು ಎಲ್ಲಿ ಆಡುತ್ತಾನೆಂದು ಕೇಳಿಕೊಂಡು, ಒಂದು ಭಾನುವಾರ ತರಗತಿಯನ್ನು ಸಹೋದ್ಯೋಗಿಗೆ ಒಪ್ಪಿಸಿ ಆ ಪಾರ್ಕಿಗೆ ಹೋದೆ. ಮಳೆ ಜಿನುಗುತ್ತಿತ್ತು. ಅಲ್ಲಿ ಒಂದು ಸಂಗತಿ ತಿಳಿಯಿತು. ಈ ದೇಶದಲ್ಲಿ ಹನ್ನೊಂದು ವರ್ಷದೊಳಗಿನ ಮಕ್ಕಳ ಲೀಗ್‌ಗಳಲ್ಲಿ ಅಂಕಪಟ್ಟಿಯನ್ನು ಪ್ರಕಟಿಸುವುದಿಲ್ಲ. ಯಾವ ತಂಡ ಮೇಲೆ, ಯಾವುದು ಕೆಳಗೆ ಎಂಬ ಲೆಕ್ಕವನ್ನು ದೊಡ್ಡವರ ಕೈಗೆ ಕೊಟ್ಟರೆ ಮಕ್ಕಳ ಆಟ ಕೆಡುತ್ತದೆ ಎಂಬ ಕಾರಣಕ್ಕೆ. ಆದರೂ ಗೆರೆಯಾಚೆ ನಿಂತ ಅಪ್ಪಂದಿರ ಕೂಗು ಕಡಿಮೆ ಇರಲಿಲ್ಲ. ಕೆಲವು ಕೂಗು ಕನ್ನಡದಲ್ಲೂ ಇತ್ತು, ಯಾರದೆಂದು ಹೇಳುವುದಿಲ್ಲ! ಪಂದ್ಯ ಮುಗಿದ ಮೇಲೆ ನಾನು ಅವನ ಹತ್ತಿರ ಹೋಗಿ ಹೇಳಿದೆ: ‘ಅವತ್ತು ನಿನ್ನ ತಪ್ಪಿರಲಿಲ್ಲ. ನೀನು ಬೇಡ ಅಂದರೂ ಹತ್ತಿಸಿದವಳು ನಾನು.’ ಅವನು ಬೂಟಿನ ದಾರ ಬಿಚ್ಚುತ್ತಾ ‘ಓಕೆ ಆಂಟಿ’ ಅಂದ. ಅಷ್ಟೇ. ಸಿನಿಮಾದಲ್ಲಿ ಆಗುವಂಥದ್ದೇನೂ ಆಗಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಅವನು ವಾಪಸ್ ಬಂದ. ಪಂದ್ಯ ಇದ್ದ ದಿನ ತಡವಾಗಿ, ಮಣ್ಣಿನ ಬೂಟಿನಲ್ಲೇ.

ಅದೇ ವಸಂತದಲ್ಲಿ, 2022ರ ಏಪ್ರಿಲ್ 20ರಂದು, ಸಾಕಾ ಚೆಲ್ಸಿ ಎದುರು ಮತ್ತೆ ಪೆನಾಲ್ಟಿ ಒದೆಯಲು ನಿಂತ. ವೆಂಬ್ಲಿಯ ಆ ರಾತ್ರಿಯಾಗಿ ಒಂಬತ್ತು ತಿಂಗಳು. ಗೋಲು ಹೊಡೆದ. ಮೂರು ದಿನ ಬಿಟ್ಟು ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಇನ್ನೊಂದು. ಆ ವರ್ಷದ ವಿಶ್ವಕಪ್‌ನಲ್ಲಿ ಇರಾನ್ ಎದುರು ಎರಡು ಗೋಲು. 2021-22 ಮತ್ತು 2022-23, ಸತತ ಎರಡು ಋತುಗಳಲ್ಲಿ ಇಂಗ್ಲೆಂಡ್ ಪುರುಷರ ತಂಡದ ವರ್ಷದ ಆಟಗಾರ. 2024ರ ಯೂರೋ ಕ್ವಾರ್ಟರ್‌ಫೈನಲ್‌ನಲ್ಲಿ ಸ್ವಿಟ್ಜರ್‌ಲೆಂಡ್ ಎದುರು ಇಂಗ್ಲೆಂಡ್ ಸೋಲುವ ಹಾದಿಯಲ್ಲಿದ್ದಾಗ 80ನೇ ನಿಮಿಷದಲ್ಲಿ ಸಮ ಮಾಡಿದವನು ಅವನು. ಮತ್ತೆ ಶೂಟೌಟ್. ಮತ್ತೆ ಅದೇ ಸೌತ್‌ಗೇಟ್ ಅವನ ಹೆಸರನ್ನು ಪಟ್ಟಿಯಲ್ಲಿ ಬರೆದರು. ತಪ್ಪಿದವನ ಕೈಗೇ ಇನ್ನೊಮ್ಮೆ ಚೆಂಡು ಕೊಟ್ಟರು. ಅವನು ಹೊಡೆದ, ಐವರೂ ಹೊಡೆದರು, ಇಂಗ್ಲೆಂಡ್ ಗೆದ್ದಿತು.

ಇಲ್ಲಿಗೆ ಕಥೆ ಸುಖಾಂತ್ಯ ಎಂದು ಹೇಳಿ ಕೂತುಬಿಡಬಹುದಿತ್ತು. ಆದರೆ ನಡೆಯುವವನು ಎಡವದೆ ಕೂತವನು ಎಡವುತ್ತಾನೆಯೇ ಎಂಬ ಗಾದೆ ನಮ್ಮಲ್ಲಿದೆ. ಆ ಫೈನಲ್‌ನಲ್ಲಿ ಇಂಗ್ಲೆಂಡ್ ಸ್ಪೇನ್‌ಗೆ ಸೋತಿತು. ಕಳೆದ ಡಿಸೆಂಬರ್‌ನಲ್ಲಿ ಸಾಕಾನ ತೊಡೆಯ ಹಿಂಭಾಗದ ಸ್ನಾಯುವಿಗೆ ಪೆಟ್ಟಾಗಿ, ಶಸ್ತ್ರಚಿಕಿತ್ಸೆಯಾಗಿ, ಮೂರು ತಿಂಗಳಿಗೂ ಹೆಚ್ಚು ಕಾಲ ಆಟದಿಂದ ಹೊರಗುಳಿದ. ಏಪ್ರಿಲ್ 1ರಂದು ಮರಳಿ ಬಂದು ಅದೇ ಫುಲ್‌ಹಮ್ ಎದುರು ಗೋಲು ಹೊಡೆದ. ಎರಡು ವಾರ ಬಿಟ್ಟು ಮ್ಯಾಡ್ರಿಡ್‌ನಲ್ಲಿ, ರಿಯಲ್ ಮ್ಯಾಡ್ರಿಡ್ ಎದುರು, ಚಾಂಪಿಯನ್ಸ್ ಲೀಗ್ ಪಂದ್ಯ. ಆರಂಭದಲ್ಲೇ ಪೆನಾಲ್ಟಿ ಸಿಕ್ಕಿತು. ಚೆಂಡನ್ನು ಮೆಲ್ಲಗೆ ಎತ್ತಿ ಒದ್ದ. ಗೋಲ್‌ಕೀಪರ್ ಕೋರ್ಟ್ವಾ ಆರಾಮವಾಗಿ ತಡೆದ. ನೋಡಿ, ಮತ್ತೆ ತಪ್ಪಿತು! ಆದರೆ ಅದೇ ಪಂದ್ಯದ 65ನೇ ನಿಮಿಷದಲ್ಲಿ ಗೋಲು ಹೊಡೆದವನೂ ಅವನೇ. ಆರ್ಸೆನಲ್ 2-1ರಿಂದ ಗೆದ್ದಿತು.

ಹತ್ತೊಂಬತ್ತಕ್ಕೆ ತಪ್ಪಿದ ಹುಡುಗ ಇಪ್ಪತ್ತಮೂರಕ್ಕೂ ತಪ್ಪಿಸಿದ. ತಪ್ಪುವುದನ್ನು ಅವನು ನಿಲ್ಲಿಸಲಿಲ್ಲ. ತಪ್ಪಿದ ಮೇಲೂ ಚೆಂಡು ಕೇಳುವುದನ್ನು ಬಿಡಲಿಲ್ಲ. ಆ ಧೈರ್ಯ ಅವನದೇ, ಅವನ ಮನೆಯದು, ಅವನ ನಂಬಿಕೆಯದು. ಅದನ್ನು ಬೇರೆಯವರ ಲೆಕ್ಕಕ್ಕೆ ಬರೆಯಲಾರೆ. ಆದರೆ ಆ ರಾತ್ರಿ ಸುತ್ತಲಿದ್ದ ದೊಡ್ಡವರೆಲ್ಲ ‘ಅಭ್ಯಾಸ ಸಾಲದು’ ಅಂದಿದ್ದರೆ ಅವನ ದಾರಿ ಇನ್ನೂ ಕಷ್ಟವಾಗುತ್ತಿತ್ತು ಎಂದು ಮಾತ್ರ ನನಗನಿಸುತ್ತದೆ.

ಪೋಷಕರೇ, ನಮ್ಮ ಶಾಲೆಯ ಪ್ರಮಾಣಪತ್ರದಿಂದ ನಿಮ್ಮ ಮಕ್ಕಳಿಗೆ ಯಾವ ಅಂಕವೂ ಸಿಗುವುದಿಲ್ಲ. ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಭಾಷೆಗಳಿಗೆ ಜಿಸಿಎಸ್‌ಇ ಇದೆ, ಕನ್ನಡಕ್ಕೆ ಇಲ್ಲ. ಹಾಗಾದರೆ ಇವರು ಇಷ್ಟು ವರ್ಷ ಬಂದದ್ದು ಯಾತಕ್ಕೆ? ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಲು. ಊರಿಗೆ ಹೋದಾಗ ಬಸ್ಸಿನ ಬೋರ್ಡ್ ಓದಲು. ತಮ್ಮ ಹೆಸರಿನ ಅರ್ಥ ತಿಳಿಯಲು. ಇಲ್ಲಿ ಇವರು ಒತ್ತಕ್ಷರ ತಪ್ಪುತ್ತಾರೆ, ‘ಳ’ಕಾರ ಜಾರುತ್ತದೆ, ಅತ್ತೆಯನ್ನು ‘ನೀನು’ ಎನ್ನುತ್ತಾರೆ. ಊರಿನಿಂದ ಬಂದ ನೆಂಟರು ನಕ್ಕಾಗ ಮಗು ನಿಮ್ಮ ಮುಖ ನೋಡುತ್ತದೆ. ಆಗ ನೀವೂ ನಕ್ಕರೆ, ಅಥವಾ ‘ಇವನಿಗೆ ಕನ್ನಡ ಅಷ್ಟಾಗಿ ಬರಲ್ಲ’ ಎಂದು ಇಂಗ್ಲಿಷಿನಲ್ಲಿ ಸಮಜಾಯಿಷಿ ಕೊಟ್ಟರೆ, ಮುಂದಿನ ಸಲ ಅವನು ಬಾಯಿಯೇ ತೆರೆಯುವುದಿಲ್ಲ. ಒಂದು ವರ್ಷದ ನಮ್ಮ ಪಾಠ ಆ ಒಂದು ನಿಮಿಷದಲ್ಲಿ ಹೋಗುತ್ತದೆ.

ಶಿಕ್ಷಕ ಬಂಧುಗಳೇ, ನಮಗೂ ಇದೇ ಮಾತು. ಯಾರು ವೇದಿಕೆ ಹತ್ತಬೇಕೆಂದು ಆರಿಸುವವರು ನಾವು. ಚೆನ್ನಾಗಿ ಆದಾಗ ಫೋಟೋದಲ್ಲಿ ನಾವೂ ನಿಲ್ಲುತ್ತೇವೆ. ಕೆಟ್ಟಾಗಲೂ ನಿಲ್ಲೋಣ. ಆಮೇಲೆ, ಮಗು ಒಪ್ಪಿದರೆ, ಇನ್ನೊಂದು ಅವಕಾಶ ಕೊಡೋಣ.

ಆ ಹುಡುಗ ಇವತ್ತು ಇಲ್ಲೇ ಇದ್ದಾನೆ. ಈಗ ಹದಿನಾಲ್ಕು ವರ್ಷ, ನನಗಿಂತ ಎತ್ತರ. ಇನ್ನು ಸ್ವಲ್ಪ ಹೊತ್ತಿನಲ್ಲಿ ಉಳಿದವರ ಜೊತೆ ಬಂದು ಪ್ರಮಾಣಪತ್ರ ತೆಗೆದುಕೊಳ್ಳುತ್ತಾನೆ. ವಿದ್ಯಾರ್ಥಿಗಳ ಪರವಾಗಿ ಎರಡು ಮಾತು ಆಡುತ್ತೀಯಾ ಎಂದು ಹೋದ ತಿಂಗಳು ಕೇಳಿದ್ದೆ. ‘ಬೇಡ ಆಂಟಿ, ಆದ್ರೆ ಚೇರ್ ಜೋಡಿಸೋಕೆ ಬರ್ತೀನಿ’ ಅಂದ. ನೀವು ಈಗ ಕೂತಿರುವ ಕುರ್ಚಿಗಳನ್ನು ಬೆಳಿಗ್ಗೆ ಎಂಟಕ್ಕೆ ಬಂದು ಜೋಡಿಸಿದವರಲ್ಲಿ ಅವನೂ ಒಬ್ಬ. ಈ ಸಲ ನಾನು ಒತ್ತಾಯ ಮಾಡಲಿಲ್ಲ.

ಮಕ್ಕಳೇ, ನಿಮ್ಮನ್ನು ನೋಡಿ ನಮಗೆಲ್ಲ ಬಹಳ ಸಂತೋಷವಾಗಿದೆ. ಅಕ್ಷರ ತಪ್ಪಿದರೂ ಕನ್ನಡದಲ್ಲೇ ಬರೆಯಿರಿ, ತಡವರಿಸಿದರೂ ಕನ್ನಡದಲ್ಲೇ ಮಾತಾಡಿ. ಸೆಪ್ಟೆಂಬರ್‌ನಲ್ಲಿ ಹೊಸ ತರಗತಿ ಶುರುವಾದಾಗ ಚಿಕ್ಕವರಿಗೆ ಹೇಳಿಕೊಡಲು ಬನ್ನಿ. ಪಂದ್ಯ ಮುಗಿಸಿಕೊಂಡೇ ಬನ್ನಿ. ಬಾಗಿಲ ಬಳಿ ಒಂದು ಹಳೆಯ ಚಾಪೆ ಹಾಕಿರುತ್ತೇವೆ, ಬೂಟನ್ನು ಅಲ್ಲಿ ಬಿಟ್ಟು ಒಳಗೆ ಬಂದರಾಯಿತು.

 ಸಿರಿಗನ್ನಡಂ ಗೆಲ್ಗೆ.